ಗೇರ್ ಲಿವರ್ ಕಟ್ಟಲು ಗೇರ್‌ಬಾಕ್ಸ್ ಬೇಡ

ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರು ಮೊದಲು ಸ್ಟೀರಿಂಗು, ಪೆಡಲು ಕೊಳ್ಳುತ್ತಾರೆ. ನಮ್ಮ ರಸ್ತೆಯಲ್ಲಿ ಗಾಡಿ ಓಡಿಸಿ ರೂಢಿಯಾದವರ ಎಡಗೈ ಆಮೇಲೆ ತಾನಾಗಿಯೇ ಗೇರ್ ಹುಡುಕುತ್ತದೆ. ಅಂಗಡಿಯ ಶಿಫ್ಟರಿನ, ಅಂದರೆ ಆಟದ ಗೇರ್ ಲಿವರಿನ, ಬೆಲೆ ಕೇಳಿ ಹಿಂದೆ ಸರಿದವರಿಗೆ ನಾನು ಹೇಳುವುದು ಒಂದೇ: ಅದನ್ನು ಮನೆಯಲ್ಲೇ ಕಟ್ಟಬಹುದು, ಚೆನ್ನಾಗಿಯೂ ಕಟ್ಟಬಹುದು. ಅಡ್ಡ ಬರುವುದು ಕೆಲವು ತಪ್ಪು ನಂಬಿಕೆಗಳು.

“ನಿಜವಾದ ಕಾರಿನ ಗೇರ್ ಲಿವರನ್ನೇ ತರಬೇಕು”

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಊರಿನ ಗುಜರಿಯಲ್ಲೋ ಹಳೆಯ ಲಿವರ್ ಸಿಗುತ್ತದೆ, ಹಿಡಿಯಲು ಸೊಗಸಾಗಿಯೂ ಇರುತ್ತದೆ. ಆದರೆ ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಬಹುತೇಕ ಕಾರುಗಳಲ್ಲಿ ಲಿವರ್ ಬರೀ ಕೇಬಲ್ ಎಳೆಯುತ್ತದೆ. ಕೈಗೆ ಸಿಗುವ ‘ಟಕ್’ ಎಂಬ ಹಿಡಿತ, ಒಂದರಿಂದ ಎರಡಕ್ಕೆ ನೇರ ಇಳಿಯುವ ದಾರಿ, ಇವೆಲ್ಲ ಇರುವುದು ಗೇರ್‌ಬಾಕ್ಸಿನ ಒಳಗೆ. ಲಿವರ್ ಮಾತ್ರ ತಂದರೆ ಅದು ಎಲ್ಲ ಕಡೆಗೂ ಸಡಿಲವಾಗಿ ಓಲಾಡುತ್ತದೆ.

ಆಟಕ್ಕೆ ಬೇಕಾದುದು ಇನ್ನೂ ಸರಳ. ವಿದ್ಯುತ್ತಿನ ಲೆಕ್ಕದಲ್ಲಿ ಶಿಫ್ಟರ್ ಎಂದರೆ ಮನೆಯ ಕರೆಗಂಟೆಯ ಗುಂಡಿಯಂಥ ಸ್ವಿಚ್‌ಗಳ ಗುಂಪು. ಲಿವರ್ ಎಚ್ ಆಕಾರದ ದಾರಿಯಲ್ಲಿ ಓಡಾಡುವ ಎಚ್ ಮಾದರಿಯಲ್ಲಿ 6 ಗೇರು, 1 ರಿವರ್ಸ್, ಒಟ್ಟು 7 ಸ್ವಿಚ್. ಗೇರಿನಲ್ಲಿ ಇರುವಷ್ಟು ಹೊತ್ತೂ ಆ ಸ್ವಿಚ್ ಒತ್ತಿಕೊಂಡೇ ಇರಬೇಕು. ಯಾವುದೂ ಒತ್ತಿರದಿದ್ದರೆ ಅದೇ ನ್ಯೂಟ್ರಲ್, ಅದಕ್ಕೆ ಬೇರೆ ಸ್ವಿಚ್ ಬೇಡ. ಹಿಂದೆ ಎಳೆದು ಮುಂದೆ ತಳ್ಳುವ ಸೀಕ್ವೆನ್ಷಿಯಲ್ ಮಾದರಿಗೆ 2 ಸ್ವಿಚ್ ಸಾಕು, ಒಮ್ಮೆ ತಾಗಿ ಬಿಟ್ಟರಾಯಿತು.

“ಎಲೆಕ್ಟ್ರಾನಿಕ್ಸ್ ಓದಿರಬೇಕು, ಪ್ರೋಗ್ರಾಮಿಂಗ್ ಬರಬೇಕು”

ಬೇಕಿಲ್ಲ. ಮೂಲೆಗೆ ಬಿದ್ದ ಹಳೆಯ ಯುಎಸ್‌ಬಿ ಗೇಮ್‌ಪ್ಯಾಡ್ ಬಿಚ್ಚಿ, ಅದರ ಒಂದೊಂದು ಗುಂಡಿಯ ಎರಡು ತುದಿಗೆ ವೈರ್ ಬೆಸುಗೆ ಹಾಕಿ ನಿಮ್ಮ ಸ್ವಿಚ್‌ಗೆ ತಂದರೆ ಮುಗಿಯಿತು. ಒಂದು ಸಾಲು ಕೋಡ್ ಬರೆಯಬೇಕಿಲ್ಲ.

ಕೋಡ್ ಬರೆದು ನಡೆಸುವ ಆರ್ಡುಯಿನೊ ಬೋರ್ಡೇ ಬೇಕೆನ್ನುವವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೆಸರು ಕೇಳಿದೊಡನೆ ಸಿಗುವ ಉನೊ ತಂದುಬಿಡುತ್ತಾರೆ. ಉನೊ ಕಂಪ್ಯೂಟರಿಗೆ ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣಿಸುವುದಿಲ್ಲ. ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಕೇಳಿ. ಅವುಗಳ ಎಟಿಮೆಗಾ32ಯು4 ಚಿಪ್ಪಿಗೆ ಯುಎಸ್‌ಬಿ ಒಳಗೇ ಇದೆ. ಸ್ವಿಚ್‌ನ ಒಂದು ಕಾಲು ಬೋರ್ಡಿನ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಚಿಪ್ಪಿನೊಳಗಿನ ಪುಲ್‌ಅಪ್ ರೆಸಿಸ್ಟರ್ ಬಳಸುವಂತೆ ಕೋಡಿನಲ್ಲಿ ಹೇಳಿದರೆ ಹೊರಗೆ ರೆಸಿಸ್ಟರ್ ಹಾಕುವ ಕೆಲಸವೂ ಇಲ್ಲ.

“ದುಬಾರಿ ಸ್ವಿಚ್ ಹಾಕಿದರೆ ಬಾಳಿಕೆ ಬರುತ್ತದೆ”

ಮನೆಯಲ್ಲಿ ಕಟ್ಟಿದ ಶಿಫ್ಟರ್‌ಗಳು ಹೆಚ್ಚಾಗಿ ಕೈಕೊಡುವುದು ಇಲ್ಲೇ. ಸನ್ನೆಯ ಲೆಕ್ಕ ನೋಡಿ. ಲಿವರ್ ತಿರುಗುವ ಕೀಲಿನಿಂದ ಹಿಡಿಕೆಗೆ 25 ಸೆಂ.ಮೀ., ಕೀಲಿನ ಕೆಳಗಿನ ತುದಿಗೆ 5 ಸೆಂ.ಮೀ. ಎಂದುಕೊಳ್ಳೋಣ. ಕೈ 5 ಸೆಂ.ಮೀ. ಸರಿದರೆ ಕೆಳತುದಿ ಸರಿಯುವುದು 1 ಸೆಂ.ಮೀ. ಮಾತ್ರ, ಆದರೆ ಬಲ ಐದು ಪಟ್ಟು. ರೇಸಿನ ಹುಮ್ಮಸ್ಸಿನಲ್ಲಿ 2 ಕೆ.ಜಿ. ಬಲ ಹಾಕಿದರೆ ಕೆಳಗೆ ಕೂತ ಸ್ವಿಚ್‌ಗೆ ಬೀಳುವುದು 10 ಕೆ.ಜಿ. ಗ್ರಾಮ್‌ಗಳ ಲೆಕ್ಕದ ಒತ್ತಡಕ್ಕೆ ಮಾಡಿದ ಮೈಕ್ರೊಸ್ವಿಚ್ ಎಷ್ಟು ಬೆಲೆಯದಾದರೂ ಅದನ್ನು ಬಹಳ ದಿನ ತಾಳದು.

ಉಪಾಯ ಸ್ವಿಚ್‌ನಲ್ಲಿಲ್ಲ, ತಡೆಯಲ್ಲಿದೆ. ಎಚ್ ಆಕಾರ ಕೊರೆದ ದಪ್ಪ ಪ್ಲೈವುಡ್ ಅಥವಾ ಅಲ್ಯೂಮಿನಿಯಂ ತಗಡನ್ನು ಕೀಲಿನಿಂದ 20 ಸೆಂ.ಮೀ. ಮೇಲೆ, ಹಿಡಿಕೆಯ ಹತ್ತಿರ ಕೂರಿಸಿ. ಅದೇ 2 ಕೆ.ಜಿ. ಬಲ ಅಲ್ಲಿ ಎರಡೂವರೆ ಕೆ.ಜಿ. ಆಗುತ್ತದೆ ಅಷ್ಟೆ, ಮರ ಅದನ್ನು ನಗುತ್ತ ಹೊರುತ್ತದೆ. ಲಿವರ್ ತಗಡಿಗೆ ತಾಗಿ ನಿಲ್ಲುವ ಮುಂಚೆಯೇ ಸ್ವಿಚ್ ಒತ್ತಿಕೊಂಡಿರಬೇಕು, ಪೆಟ್ಟು ಅದನ್ನು ಮುಟ್ಟಲೇಬಾರದು. ಉದ್ದ ಪಟ್ಟಿಯ ತುದಿಗೆ ಪುಟ್ಟ ಚಕ್ರವಿರುವ ಸ್ವಿಚ್ ಆದರೆ ಹೊಂದಿಸುವುದು ಸುಲಭ.

ಕೀಲೂ ಗಟ್ಟಿಯಿರಬೇಕು. ಸ್ಕೇಟ್‌ಬೋರ್ಡಿನ 608 ಬೇರಿಂಗ್ (ಹೊರ ಅಳತೆ 22 ಮಿ.ಮೀ., ಒಳತೂತು 8 ಮಿ.ಮೀ.) ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಚ್ ಮಾದರಿಗೆ ಎರಡು ದಿಕ್ಕಿನ ಓಡಾಟ ಬೇಕಾದ್ದರಿಂದ ಒಂದು ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು ತೂಗುವಂತೆ ಕಟ್ಟಿ.

“ಹಾಲ್ ಸೆನ್ಸರ್ ಹಾಕಿದರೆ ತಾಪತ್ರಯವೇ ಇಲ್ಲ” ಎನ್ನುವವರೂ ಇದ್ದಾರೆ. ಆಯಸ್ಕಾಂತವನ್ನು ಗುರುತಿಸುವ ಅದಕ್ಕೆ ಸವೆತವಿಲ್ಲ, ಸರಿಯೇ. ಆದರೆ ಕೀಲು ಸಡಿಲವಾದರೆ ಆಯಸ್ಕಾಂತದ ದೂರವೂ ಬದಲಾಗಿ ಗೇರ್ ತಪ್ಪುತ್ತದೆ. ಸಾಮಾನ್ಯ ಸ್ವಿಚ್‌ನ ಒಂದು ದೋಷ ಮಾತ್ರ ನಿಜ: ಮುಚ್ಚುವಾಗ ಅದರ ಲೋಹದ ತುದಿಗಳು ಕೆಲವು ಮಿಲಿಸೆಕೆಂಡು ಅದುರುತ್ತವೆ. ಸೀಕ್ವೆನ್ಷಿಯಲ್‌ನಲ್ಲಿ ಒಂದು ಎಳೆತಕ್ಕೆ ಎರಡು ಗೇರ್ ಏರುವುದು ಅದರಿಂದಲೇ. ಮೊದಲ ತಾಗಿನ ನಂತರ ಸುಮಾರು 20 ಮಿಲಿಸೆಕೆಂಡು ಬೇರೆ ಬದಲಾವಣೆ ಲೆಕ್ಕಿಸಬೇಡ ಎಂದು ಕೋಡಿನಲ್ಲಿ ಹೇಳಿದರೆ ಅದು ನಿಲ್ಲುತ್ತದೆ.

“ಸ್ಪ್ರಿಂಗ್ ಬಿಗಿಯಾದಷ್ಟೂ ಅಸಲಿ ಅನುಭವ”

ಬಿಗಿ ಸ್ಪ್ರಿಂಗ್ ತೋಳು ನೋಯಿಸುತ್ತದೆ, ಅಷ್ಟೆ. ಗೇರ್ ‘ಬಿತ್ತು’ ಎನ್ನಿಸುವುದು ಮೊದಲು ತಡೆದು ಆಮೇಲೆ ಒಳಗೆ ಸೆಳೆದುಕೊಳ್ಳುವುದರಿಂದ. ಸಣ್ಣ ಸ್ಪ್ರಿಂಗಿನ ಮೇಲೆ ಕೂತ ಉಕ್ಕಿನ ಗೋಲಿ ಗುಳಿಗೆ ಜಾರುವಂತೆ ಮಾಡಿದರೆ ಆ ಭಾವ ಬರುತ್ತದೆ.

“ನಿಜವಾದ ರೇಸಿಗೆ ಎಚ್ ಮಾದರಿಯೇ ಬೇಕು”

ನಿಮ್ಮ ಮೆಚ್ಚಿನ ಕಾರು ಯಾವ ಕಾಲದ್ದು ಎಂಬುದರ ಮೇಲೆ ಇದು ನಿಂತಿದೆ. 1989ರ ಬ್ರೆಜಿಲ್ ಗ್ರ್ಯಾನ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಗೆದ್ದ ಫೆರಾರಿ 640 ಕಾರಿನಲ್ಲಿ ಗೇರ್ ಬದಲಿಸಲು ಇದ್ದುದು ಸ್ಟೀರಿಂಗಿನ ಹಿಂದಿನ ಪ್ಯಾಡಲ್. ಫಾರ್ಮುಲಾ 1 ಆ ದಾರಿಯನ್ನೇ ಹಿಡಿಯಿತು. ಅಮೆರಿಕದ ನ್ಯಾಸ್ಕಾರ್ ಕಪ್ ಕಾರುಗಳು 2021ರ ತನಕ 4 ಗೇರಿನ ಎಚ್ ಮಾದರಿಯಲ್ಲೇ ಓಡಿ 2022ರಲ್ಲಿ ಸೀಕ್ವೆನ್ಷಿಯಲ್‌ಗೆ ಬಂದವು. ಅದೇ ವರ್ಷ ವಿಶ್ವ ರ‍್ಯಾಲಿಯ ಹೊಸ ರ‍್ಯಾಲಿ1 ಕಾರುಗಳು ಪ್ಯಾಡಲ್ ಬಿಟ್ಟು ಕೈಲಿವರಿಗೆ ಮರಳಿದವು. ರ‍್ಯಾಲಿ ಇಷ್ಟಪಡುವವರು 2 ಸ್ವಿಚ್‌ನ ಲಿವರಿನಿಂದ ಶುರುಮಾಡಿ. ಎಳೆದರೆ ಗೇರ್ ಏರಲಿ, ತಳ್ಳಿದರೆ ಇಳಿಯಲಿ: ಬ್ರೇಕ್ ಒತ್ತಿದಾಗ ಚಾಲಕನ ಮೈ ಮುಂದಕ್ಕೇ ಹೋಗುತ್ತದಲ್ಲ. ಹಳೆಯ ಕಾರು, ಲಾರಿಗಳ ಆಟಕ್ಕೆ ಎಚ್ ಮಾದರಿಯೇ ಹಿತ.

“ಯಾವ ಆಟದ ಪೆಟ್ಟಿಗೆಗಾದರೂ ಸಿಕ್ಕಿಸಬಹುದು”

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇಂಥ ಮನೆಯ ಸಾಧನವನ್ನು ನೇರವಾಗಿ ಒಪ್ಪುವುದಿಲ್ಲ. ಇದು ಕಂಪ್ಯೂಟರಿನ ವಸ್ತು. ವಿಂಡೋಸ್‌ನಲ್ಲಾದರೆ ಶಿಫ್ಟರಿನ ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಬಿಗಿಯುವ ಮೊದಲು ಗೇಮ್ ಕಂಟ್ರೋಲರ್ ಕಿಟಕಿ ತೆರೆದು ಒಂದೊಂದೇ ಗೇರ್ ಹಾಕಿ ನೋಡಿ. ಪ್ರತಿ ಗೇರಿಗೆ ಒಂದೇ ದೀಪ ಹತ್ತಬೇಕು, ನ್ಯೂಟ್ರಲ್‌ನಲ್ಲಿ ಯಾವುದೂ ಹತ್ತಬಾರದು. ಎರಡು ಒಟ್ಟಿಗೆ ಹತ್ತಿದರೆ ಕೋಡ್ ಕೆದಕಬೇಡಿ, ಸ್ವಿಚ್‌ನ ಜಾಗವನ್ನು ಒಂದೆರಡು ಮಿ.ಮೀ. ಸರಿಸಿ.