ಆರು ಜನ ವಿದ್ಯಾರ್ಥಿಗಳು, ಒಂದು ಸುಟ್ಟುಹೋದ ಊರು: ಗೇಮ್ ತಂಡದ ಲೀಡರ್ ಮಾಡೋದೇನು?

ಗೇಮ್ ಮಾಡೋದು ಅಂದ್ರೆ ಒಬ್ಬ ಹುಡುಗ ರಾತ್ರಿಯೆಲ್ಲಾ ಕಂಪ್ಯೂಟರ್ ಮುಂದೆ ಕೂರೋದು ಅಂತ ಬಹಳ ಜನ ತಿಳ್ಕೊಂಡಿದಾರೆ. ಅಸಲಿಗೆ ಅದು ಮನೆ ಕಟ್ಟಿಸಿದ ಹಾಗೆ. ಗಾರೆಯವರು, ಬಡಗಿ, ಪೇಂಟರ್ ಬೇರೆ ಬೇರೆ ಇರ್ತಾರೆ. ಎಲ್ಲರಿಗೂ ಅಳತೆ ಕೊಟ್ಟು, ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸೋಕೆ ಒಬ್ಬ ಮೇಸ್ತ್ರಿ ಬೇಕು. ಗೇಮ್ ತಂಡದಲ್ಲಿ ಆ ಮೇಸ್ತ್ರಿಯೇ ಲೀಡರ್.

ಏನಿದು ಲಂಡನ್ ಕಥೆ?

2013ರಲ್ಲಿ ಬ್ರಿಟಿಷ್ ಲೈಬ್ರರಿ 'ಆಫ್ ದಿ ಮ್ಯಾಪ್' ಅನ್ನೋ ಸ್ಪರ್ಧೆ ನಡೆಸಿತು. ಲೈಬ್ರರಿಯಲ್ಲಿರೋ ಹಳೇ ನಕ್ಷೆ, ಚಿತ್ರ ನೋಡಿ ಆ ಜಾಗವನ್ನ ಗೇಮ್ ತಯಾರಿಸುವ ಕ್ರೈಎಂಜಿನ್ ಸಾಫ್ಟ್‌ವೇರ್‌ನಲ್ಲಿ ಮತ್ತೆ ಕಟ್ಟಬೇಕಿತ್ತು. ಗೆದ್ದಿದ್ದು ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದ ಆರು ವಿದ್ಯಾರ್ಥಿಗಳ ತಂಡ. ಹೆಸರು 'ಪುಡ್ಡಿಂಗ್ ಲೇನ್ ಪ್ರೊಡಕ್ಷನ್ಸ್'.

ಪುಡ್ಡಿಂಗ್ ಲೇನ್ ಲಂಡನ್ನಿನ ಒಂದು ಬೀದಿ. 1666ರ ಸೆಪ್ಟೆಂಬರ್ 2ರಂದು ಅಲ್ಲಿನ ಬೇಕರಿಯಲ್ಲಿ ಹೊತ್ತಿದ ಬೆಂಕಿಗೆ 13 ಸಾವಿರಕ್ಕೂ ಹೆಚ್ಚು ಮನೆ ಸುಟ್ಟವು. ಹಾಗೆ ಇಲ್ಲವಾದ ಕಾಲದ ಲಂಡನ್ ಬೀದಿಗಳನ್ನೇ ಈ ಹುಡುಗರು ಪರದೆ ಮೇಲೆ ಎಬ್ಬಿಸಿದರು.

ಲೀಡರ್ ಮೊದಲು ಮಾಡೋದು ಕತ್ತರಿ ಕೆಲಸ

ಆರು ಜನ ಇಡೀ ಲಂಡನ್ ಕಟ್ಟೋಕೆ ಆಗಲ್ಲ. ಇಂಥ ಕೆಲಸದಲ್ಲಿ ನೋಡುಗ ಯಾವ ದಾರೀಲಿ ಸಾಗ್ತಾನೆ ಅಂತ ಮೊದಲೇ ಗುರುತು ಮಾಡ್ಕೋತಾರೆ. ಆ ದಾರಿಯ ಅಕ್ಕಪಕ್ಕ ಮಾತ್ರ ಚೆನ್ನಾಗಿ ಕಟ್ಟೋದು. ದೂರದ ಮನೆಗಳು ಬರೀ ಪೆಟ್ಟಿಗೆ ಥರ ಇದ್ರೂ ನಡೆಯುತ್ತೆ.

ಆಮೇಲೆ ಅಳತೆ. ಬಣ್ಣವಿಲ್ಲದ ಬೂದು ಪೆಟ್ಟಿಗೆಗಳನ್ನ ಜೋಡಿಸಿ, ಪಕ್ಕದಲ್ಲಿ ಒಂದು ಮನುಷ್ಯನ ಗೊಂಬೆ ನಿಲ್ಲಿಸಿ ನೋಡ್ತಾರೆ. ಬಾಗಿಲು ಎತ್ತರ ಆಯ್ತಾ, ಬೀದಿ ಅಗಲ ಆಯ್ತಾ ಅಂತ ಈಗಲೇ ಗೊತ್ತಾಗಬೇಕು. ಕಿಟಕಿ, ಕಂಬ ಎಲ್ಲಾ ಕೂರಿಸಿದ ಮೇಲೆ ಅಳತೆ ತಪ್ಪಿದೆ ಅಂದ್ರೆ ಆರೂ ಜನರ ಕೆಲಸ ಹಾಳು.

ಮೂರನೇದು ಅಚ್ಚು. ಅಂದಿನ ಲಂಡನ್ ಮನೆಗಳು ಮರದ ಚೌಕಟ್ಟಿನವು, ಮೇಲಿನ ಮಹಡಿ ಬೀದಿ ಕಡೆ ಚಾಚಿಕೊಂಡಿರ್ತಿತ್ತು. ಒಂದೊಂದು ಮನೆಯನ್ನೂ ಹೊಸದಾಗಿ ಮಾಡ್ತಾ ಕೂತ್ರೆ ಮುಗಿಯಲ್ಲ. ಗೋಡೆ, ಕಿಟಕಿ, ಬಾಗಿಲು, ತೊಲೆ ಅಂತ ಕೆಲವೇ ತುಂಡು ಮಾಡಿ, ಬೇರೆ ಬೇರೆ ಥರ ಜೋಡಿಸಿದ್ರೆ ಬೀದಿ ತುಂಬುತ್ತೆ. ಎಲ್ಲರ ತುಂಡೂ ಒಂದೇ ಅಳತೇಲಿ ಇದ್ರೆ ಮಾತ್ರ ಒಂದಕ್ಕೊಂದು ಕೂರುತ್ತೆ.

ಕಷ್ಟ ಇರೋದು ಇಲ್ಲಿ

ನಕ್ಷೆಯಲ್ಲಿ ಬೀದಿ ಸಿಗುತ್ತೆ, ಮನೆಯ ಮುಂಭಾಗ ಸಿಗಲ್ಲ. ಒಬ್ಬೊಬ್ಬರು ಒಂದೊಂದು ಊಹೆ ಮಾಡಿದ್ರೆ ಊರು ಒಂದೇ ಊರಾಗಿ ಕಾಣಲ್ಲ. ಯಾವುದು ಒಪ್ಪಿಗೆ ಅಂತ ಲೀಡರ್ ತೀರ್ಮಾನ ಮಾಡಬೇಕು. ಇಬ್ಬರು ಒಂದೇ ಫೈಲ್ ತೆರೆದು ಸೇವ್ ಮಾಡಿದ್ರೆ ಒಬ್ಬರ ಕೆಲಸ ಅಳಿಸಿಹೋಗುತ್ತೆ. ಹಾಗಾಗಿ ಫೈಲಿಗೆ ಹೆಸರಿಡೋ ಪದ್ಧತಿ, ದಿನದ ಬ್ಯಾಕಪ್ ನೋಡ್ಕೊಳ್ಳೋದೂ ಅವರದ್ದೇ ತಲೆನೋವು.

ಎಲ್ಲಕ್ಕಿಂತ ಕಷ್ಟದ್ದು, ಗೆಳೆಯ ವಾರಗಟ್ಟಲೆ ಕೂತು ಮಾಡಿದ್ದನ್ನ "ಇದು ಬೇಡ" ಅನ್ನೋದು. ಹೇಳದಿದ್ರೆ ಕೊನೇ ದಿನ ಅರ್ಧ ಊರು ಮಾತ್ರ ಇರುತ್ತೆ. ಅರ್ಧ ಊರಿಗೆ ಯಾರೂ ಅಂಕ ಕೊಡಲ್ಲ, ಕೆಲಸವೂ ಕೊಡಲ್ಲ. ಒಬ್ಬನ ಸಂಕೋಚಕ್ಕೆ ಆರು ಜನರ ವರ್ಷ ಹೋಗುತ್ತೆ.

ಇಲ್ಲಿ ಕಲಿಯೋಕೆ ಆಗುತ್ತಾ?

ಸಾಫ್ಟ್‌ವೇರ್‌ಗೆ ದುಡ್ಡು ಬೇಕಿಲ್ಲ. ಬ್ಲೆಂಡರ್ ಪೂರ್ತಿ ಉಚಿತ. ಅನ್‌ರಿಯಲ್ ಎಂಜಿನ್ ಕಲಿಯೋಕೂ ಉಚಿತ. ಆದ್ರೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರ್ ಬೇಕು, ಖರ್ಚು ಅಲ್ಲೇ.

ನಿಮ್ಮ ಮನೆ ಮಗನೋ ಮಗಳೋ ಇಂಥ ವಿಡಿಯೋ ತೋರಿಸಿದ್ರೆ "ಚೆನ್ನಾಗಿದೆ" ಅಂತಷ್ಟೇ ಹೇಳಿ ಬಿಡಬೇಡಿ. ಇದರಲ್ಲಿ ನಿನ್ನ ಕೆಲಸ ಯಾವುದು, ಏನು ಕೈಬಿಟ್ರಿ, ಯಾಕೆ ಬಿಟ್ರಿ ಅಂತ ಕೇಳಿ. ನಾಳೆ ಇಂಟರ್‌ವ್ಯೂನಲ್ಲೂ ಅದನ್ನೇ ಕೇಳ್ತಾರೆ.