ವಾಟ್ ಕಮ್ಮಿ ಇದ್ರೆ ಸ್ಪೀಕರ್ ಸೇಫಾ?

ಮನೆಯಲ್ಲಿ ಒಳ್ಳೆ ಸ್ಪೀಕರ್ ಜೋಡಿ ಇದೆ, ಆಂಪ್ಲಿಫೈಯರ್ ಮಾತ್ರ ಬೇಕು ಅಂತ ಎಸ್.ಪಿ. ರೋಡಿಗೆ ಹೋದಾಗ ನಾವೆಲ್ಲ ಮೊದಲು ಕೇಳೋ ಪ್ರಶ್ನೆ ಒಂದೇ: "ಎಷ್ಟು ವಾಟ್?" ಸ್ಪೀಕರ್ ಹಿಂದೆ 100 ವಾಟ್ ಅಂತ ಬರೆದಿದ್ದರೆ 30 ವಾಟಿನ ಆಂಪ್ಲಿಫೈಯರ್ ಸೇಫ್, 150 ವಾಟಿನದು ಡೇಂಜರ್ ಅಂದುಕೊಳ್ಳುತ್ತೇವೆ. ಆದರೆ 30 ವಾಟಿನದೂ ಆ ಸ್ಪೀಕರನ್ನು ಸುಡಬಲ್ಲದು. ಹೇಗೆ ಅಂತ ನೋಡೋಣ.

ವಾಟ್‌ಗಿಂತ ಮೊದಲು ನೋಡಬೇಕಾದ್ದು ಓಮ್. ಆಂಪ್ಲಿಫೈಯರ್ 20 ವೋಲ್ಟ್ ಕೊಡ್ತಿದೆ ಅಂದುಕೊಳ್ಳಿ. 8 ಓಮ್ ಸ್ಪೀಕರ್ ಆದರೆ 2.5 ಆಂಪಿಯರ್, ಅಂದರೆ 50 ವಾಟ್. 4 ಓಮ್ ಆದರೆ 5 ಆಂಪಿಯರ್, 100 ವಾಟ್. ಒಂದೇ ಚಾನೆಲ್‌ಗೆ ಎರಡು 4 ಓಮ್ ಸ್ಪೀಕರ್‌ಗಳನ್ನು ಪ್ಯಾರಲಲ್ ಆಗಿ ಕೊಟ್ಟರೆ 2 ಓಮ್. ಆಂಪ್ಲಿಫೈಯರ್ ಮೇಲೆ 10 ಆಂಪಿಯರ್ ಭಾರ. ಪ್ರೊಟೆಕ್ಷನ್ ಸರ್ಕ್ಯೂಟ್ ಇದ್ದರೆ ಅದು ಆಫ್ ಆಗುತ್ತೆ, ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು. ಅದು ಶಾರ್ಟ್ ಆದರೆ ಡಿಸಿ ನೇರವಾಗಿ ವೂಫರ್‌ಗೆ ನುಗ್ಗಿ, ಕಾಯಿಲ್ ಅಲುಗಾಡದೆ ನಿಂತಲ್ಲೇ ಕಾಯ್ದು ಸುಡುತ್ತೆ. ಹಾಗಾಗಿ ಆಂಪ್ಲಿಫೈಯರ್ ಹಿಂದೆ ಬರೆದಿರುವ ಕನಿಷ್ಠ ಓಮ್‌ಗಿಂತ ಕೆಳಗೆ ಇಳಿಯಲೇಬಾರದು.

ಎರಡನೆಯದು ಸೆನ್ಸಿಟಿವಿಟಿ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತೆ ಅನ್ನೋ ಅಳತೆ ಇದು. ಪವರ್ ದುಪ್ಪಟ್ಟು ಮಾಡಿದರೆ ಸಿಗೋದು ಬರೀ 3 ಡೆಸಿಬಲ್. ಅಂದರೆ 86 ಡೆಸಿಬಲ್ ಸ್ಪೀಕರ್‌ಗೆ 100 ವಾಟ್ ಕೊಟ್ಟರೆ ಬರುವ ಸದ್ದು, 89 ಡೆಸಿಬಲ್ ಸ್ಪೀಕರ್‌ಗೆ 50 ವಾಟಿನಲ್ಲೇ ಬರುತ್ತೆ. 30 ವಾಟಿಂದ 60ಕ್ಕೆ ಹೋದರೆ ಸದ್ದು ದುಪ್ಪಟ್ಟು ಆಯ್ತು ಅಂತ ಕಿವಿಗೆ ಅನಿಸೋದಿಲ್ಲ. ಹಾಗೆ ಅನಿಸೋಕೆ ಸುಮಾರು 10 ಡೆಸಿಬಲ್, ಅಂದರೆ 10 ಪಟ್ಟು ಪವರ್ ಬೇಕು.

ಈಗ ಅಸಲಿ ವಿಷಯ, ಕ್ಲಿಪ್ಪಿಂಗ್. ಪವರ್ ಸಪ್ಲೈ ಕೊಡೋ ವೋಲ್ಟೇಜ್‌ಗಿಂತ ಮೇಲೆ ಆಂಪ್ಲಿಫೈಯರ್ ಹೋಗಲಾರದು. ಹಬ್ಬದ ದಿನ ಹಾಲ್ ತುಂಬಾ ಜನ, ವಾಲ್ಯೂಮ್ ಫುಲ್. ಸಿಗ್ನಲ್‌ನ ತುದಿಗಳು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತವೆ. ಸೈನ್ ವೇವ್ ಪೂರ್ತಿ ಸ್ಕ್ವೇರ್ ವೇವ್ ಆದರೆ, ಪೀಕ್ ಅಷ್ಟೇ ಇದ್ದರೂ ಪವರ್ ಎರಡು ಪಟ್ಟು. ಜೊತೆಗೆ ಹೊಸ ಹಾರ್ಮೋನಿಕ್ಸ್ ಹುಟ್ಟುತ್ತವೆ. ಬೇಸ್ ಮಿತಿಗೆ ತಾಗಿ ನಿಂತರೂ ನಾಬ್ ತಿರುಗಿಸಿದಂತೆಲ್ಲ ಮೇಲಿನ ಫ್ರೀಕ್ವೆನ್ಸಿಗಳು ಏರುತ್ತಲೇ ಇರುತ್ತವೆ. ಕ್ರಾಸ್‌ಓವರ್ ಇವೆಲ್ಲವನ್ನೂ ಟ್ವೀಟರ್‌ಗೆ ದಾಟಿಸುತ್ತೆ. ಡಬ್ಬದ ಮೇಲಿನ 100 ವಾಟ್ ಇಡೀ ಸ್ಪೀಕರ್‌ನದು. ಹಾಡಿನ ಶಕ್ತಿಯ ಬಹುಪಾಲು ಬೇಸ್ ಮತ್ತು ಮಿಡ್‌ನಲ್ಲಿರುತ್ತೆ, ಟ್ವೀಟರ್ ಪಾಲಿಗೆ ಬರೋದು ಸ್ವಲ್ಪವೇ ಅನ್ನೋ ಲೆಕ್ಕದ ಮೇಲೆ ಬರೆದದ್ದು. ಅದರ ತೆಳು ಕಾಯಿಲ್ ಸುಟ್ಟಾಗ ಸಾಮಾನ್ಯವಾಗಿ ಹೊಗೆಯೂ ಕಾಣಲ್ಲ, ಹಾಡು ಮಾತ್ರ ಮಂಕಾಗುತ್ತೆ.

ಹಾಗಂತ ದೊಡ್ಡ ಆಂಪ್ಲಿಫೈಯರ್ ಸುಡೋದೇ ಇಲ್ಲ ಅಂತಲ್ಲ. ಮಿತಿ ಮೀರಿ ತಿರುಗಿಸಿದರೆ ಅದೂ ಸುಡುತ್ತೆ. ಆದರೆ ಮನೆಯ ಸಾಮಾನ್ಯ ಸದ್ದಿಗೆ ಅದು ತಲೆಗೆ ಜಾಗ ಇಟ್ಟುಕೊಂಡು ಆರಾಮಾಗಿ ಕೆಲಸ ಮಾಡುತ್ತೆ.

ಕೊಳ್ಳುವಾಗ ಪಿಎಂಪಿಒ ಅಂಕಿ ನೋಡಿ ಮರುಳಾಗಬೇಡಿ, ಆರ್‌ಎಂಎಸ್ ವಾಟ್ ಎಷ್ಟು, ಎಷ್ಟು ಓಮ್‌ಗೆ ಅಂತ ಕೇಳಿ. ಇನ್ನೂ ಅನುಮಾನವಿದ್ದರೆ ಅಡಾಪ್ಟರ್ ನೋಡಿ. 12 ವೋಲ್ಟ್, 2 ಆಂಪಿಯರ್ ಅಂತಿದ್ದರೆ ಒಳಗೆ ಹೋಗೋದೇ 24 ವಾಟ್; ಅಷ್ಟಕ್ಕಿಂತ ಜಾಸ್ತಿ ನಿರಂತರವಾಗಿ ಹೊರಗೆ ಬರೋದು ಸಾಧ್ಯವೇ ಇಲ್ಲ. ವೈರ್ ಜೋಡಿಸುವಾಗ ಪವರ್ ಆಫ್ ಇರಲಿ. ಆನ್ ಮಾಡುವಾಗ ಆಂಪ್ಲಿಫೈಯರ್ ಕೊನೆಗೆ, ಆಫ್ ಮಾಡುವಾಗ ಮೊದಲು. ಹಾಡು ಒರಟಾಗಿ, ಕಿರುಚಿದ ಹಾಗೆ ಕೇಳಿದ ತಕ್ಷಣ ವಾಲ್ಯೂಮ್ ಇಳಿಸಿ.

ಹಾಡು ಈಗಾಗಲೇ ಮಂಕಾಗಿದ್ದರೆ ಟ್ವೀಟರ್ ವೈರ್ ಬಿಚ್ಚಿ, ನಮ್ಮ ಲ್ಯಾಬ್‌ನ ಮಲ್ಟಿಮೀಟರ್ ಹಿಡಿದು ನೋಡಿ. 8 ಓಮ್ ಟ್ವೀಟರ್ ಸುಮಾರು 6 ಓಮ್ ತೋರಿಸಿದರೆ ಕಾಯಿಲ್ ತುಂಡಾಗಿಲ್ಲ. ಓಪನ್ ಅಂತ ಬಂದರೆ ಕಾಯಿಲ್ ಹೋಗಿದೆ. ಆಗಲೂ ಇಡೀ ಸ್ಪೀಕರ್ ಎಸೆಯಬೇಕಿಲ್ಲ. ಅದೇ ಮಾದರಿಯ ಟ್ವೀಟರ್ ಅಥವಾ ಅದರ ಕಾಯಿಲ್ ಸಿಕ್ಕರೆ ಅಷ್ಟನ್ನೇ ಬದಲಾಯಿಸಬಹುದು.