ಧಾರವಾಡ: ವಿದ್ಯೆ ಮನೆ ಮಾಡಿದ ಊರು

ಧಾರವಾಡಕ್ಕೆ ಮೊದಲ ಸಲ ಬಂದ ಅತಿಥಿಯು ‘ಇಲ್ಲಿ ನೋಡತಕ್ಕುದೇನು?’ ಎಂದು ಕೇಳಿದರೆ ಊರಿನವನು ಕ್ಷಣಕಾಲ ತಡವರಿಸುತ್ತಾನೆ. ವಿಜಾಪುರದ ಗುಮ್ಮಟವಾಗಲಿ ಹಂಪೆಯ ಕಲ್ಲಿನ ರಥವಾಗಲಿ ಇಲ್ಲಿಲ್ಲ. ಹೈದರ, ಟಿಪ್ಪು, ಪೇಶವೆಯರ ಕೈಗಳನ್ನು ದಾಟಿ ಬಂದ ಕೋಟೆಯಲ್ಲಿ ಇಂದು ಉಳಿದಿರುವುದು ಬಾಗಿಲು ಮತ್ತು ಕಂದಕದ ಕುರುಹು ಮಾತ್ರ. ಆದರೆ ಅದೇ ಊರಿನವನೊಡನೆ ಕಾಲ್ನಡಿಗೆಯಲ್ಲಿ ಹೊರಟರೆ ಸಂಜೆಯಾದರೂ ಅವನ ಮಾತು ಮುಗಿಯುವುದಿಲ್ಲ.

ಮೊದಲು ಅವನು ತೋರಿಸುವುದು ನೆಲದ ಏರಿಳಿತವನ್ನು. ಮಲೆನಾಡಿಗೂ ಬಯಲುಸೀಮೆಗೂ ನಡುವಣ ಈ ದಿಬ್ಬದ ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆಯ ಮೂಲಕ ಪಡುಗಡಲನ್ನು ಸೇರಿದರೆ, ಇನ್ನೊಂದು ಮಗ್ಗುಲಿನ ನೀರು ಮಲಪ್ರಭೆ, ಕೃಷ್ಣೆಯರ ಜೊತೆಗೂಡಿ ಮೂಡುಗಡಲಿಗೆ ಹೋಗುತ್ತದೆ. ಶಾಲ್ಮಲೆಯ ಉಗಮದಲ್ಲಿ ಚಾಲುಕ್ಯಶೈಲಿಯ ಸೋಮೇಶ್ವರ ದೇಗುಲವಿದೆ.

ಅನಂತರ ಬರುವುವು ವಿದ್ಯೆಯ ಮನೆಗಳು. ಇಂದಿನ ವಿದ್ಯಾರ್ಥಿಗೆ ನಂಬುವುದು ಕಷ್ಟವಾದರೂ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಕನ್ನಡ ನೆಲದ ಶಾಲೆಗಳಲ್ಲಿ ಮರಾಠಿಯದೇ ದೊರೆತನ. ಮನೆಯಲ್ಲಿ ಕನ್ನಡವಾಡುವ ಕೂಸು ಶಾಲೆಯಲ್ಲಿ ಪರಭಾಷೆಯಲ್ಲಿ ಓದಬೇಕಾಗಿತ್ತು. ಈ ಸ್ಥಿತಿಯನ್ನು ತಿರುಗಿಸಲು ಹೆಣಗಿದವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು. ಅವರು ಮುಖ್ಯಸ್ಥರಾಗಿದ್ದ ಟ್ರೇನಿಂಗ್ ಕಾಲೇಜಿನಿಂದ ಹೊರಟ ಕನ್ನಡ ಶಿಕ್ಷಕರು ಹಳ್ಳಿಹಳ್ಳಿಗೂ ಹೋದರು. ಅವರು 1881ರಲ್ಲಿ ಕಾಲವಾದರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಘದ ಕಟ್ಟಡದಲ್ಲಿ ಶಿಲ್ಪವೈಭವವೇನೂ ಇಲ್ಲ. ಆದರೂ ಅದರ ಮುಂದೆ ಹಾಯುವ ಹಳೆಯ ತಲೆಯವರು ನಡಿಗೆಯನ್ನು ತುಸು ನಿಧಾನ ಮಾಡುವುದುಂಟು.

ಕರ್ನಾಟಕ ಕಾಲೇಜಿನ ಕಥೆ ಇನ್ನೂ ಸ್ವಾರಸ್ಯದ್ದು. ಆ ಭವ್ಯ ಕಟ್ಟಡ ಸದರ್ನ್ ಮರಾಠಾ ರೇಲ್ವೆಯ ಮುಖ್ಯ ಕಚೇರಿ. 1908ರಲ್ಲಿ ಆ ರೇಲ್ವೆಯು ಮದ್ರಾಸ್ ರೇಲ್ವೆಯೊಡನೆ ಒಂದಾಗಿ, ಮುಖ್ಯ ಕಚೇರಿ ಮದ್ರಾಸಿನದಾಯಿತು. ಕಚೇರಿ ಹೋದರೆ ಊರಿನ ಕಳೆ ಹೋಗುವುದು ಸಹಜ. ಧಾರವಾಡದ ಪುಣ್ಯವೆಂದರೆ, 1917ರಲ್ಲಿ ಆರಂಭವಾದ ಕಾಲೇಜಿಗೆ ಅದೇ ಕಟ್ಟಡ ಮನೆಯಾಯಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ನಿಧಿಗಾಗಿ ತಿರುಗದಿದ್ದರೆ ಕಾಲೇಜು ಆಗುತ್ತಿರಲಿಲ್ಲ. ಇದೇ ರುದ್ರಗೌಡರು ಗಿಲಗಂಚಿ ಗುರುಸಿದ್ಧಪ್ಪನವರೊಡನೆ 1883ರಲ್ಲಿಯೇ ಲಿಂಗಾಯತ ವಿದ್ಯಾರ್ಥಿಗಳ ಸಲುವಾಗಿ ನಿಧಿಯೊಂದನ್ನು ಕಟ್ಟಿದ್ದರೆಂಬುದು ಸ್ಮರಣೀಯ.

ಕಾಲೇಜು ಬಂದಿತು, ಹಳ್ಳಿಯ ಬಡ ಹುಡುಗ ಊಟವೆಲ್ಲಿ ಮಾಡಬೇಕು? ಇದಕ್ಕೆ ಉತ್ತರ ಕೊಟ್ಟದ್ದು ಮುರುಘಾಮಠ. ಪೂಜ್ಯ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಪ್ರಸಾದನಿಲಯದಲ್ಲಿ ಭಕ್ತರು ಕೊಟ್ಟ ಕಾಳುಕಡಿಯೇ ಆಧಾರ. ಒಂದು ಚೀಲ ಜೋಳ ಕೊಟ್ಟ ಒಕ್ಕಲಿಗನ ಹೆಸರು ಯಾವ ಶಿಲಾಫಲಕದಲ್ಲಿಯೂ ಇಲ್ಲ. ಆದರೆ ಆ ರೊಟ್ಟಿಯನ್ನುಂಡು ಓದಿದವರು ನಾಡಿನ ಶಾಲೆ, ಕಚೇರಿಗಳನ್ನೆಲ್ಲ ತುಂಬಿದರು. ಊರಿನ ಹೆಗ್ಗುರುತುಗಳಲ್ಲಿ ಗುಮ್ಮಟಕ್ಕಿಂತ ಅಡುಗೆಮನೆಯ ಹೊಗೆಯನ್ನು ಹಿರಿದೆಂದು ಧಾರವಾಡದವನು ಎಣಿಸಿದರೆ ತಪ್ಪಲ್ಲ. ಗಾಯನಸಾರ್ವಭೌಮ ಮಲ್ಲಿಕಾರ್ಜುನ ಮನಸೂರರು ಈ ಸ್ವಾಮಿಗಳ ಪರಮಭಕ್ತರು. ಅವರ ಮನೆಯ ಹೆಸರೂ ‘ಮೃತ್ಯುಂಜಯ’. 1992ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಮನೆ ಸ್ಮಾರಕವಾಗಿದೆ.

ಉಳಿದವನ್ನು ಊರಿನವನು ನಡೆಯುತ್ತಲೇ ಹೇಳಿಬಿಡುತ್ತಾನೆ: 1950ರಿಂದ ನುಡಿಯುತ್ತಿರುವ ಆಕಾಶವಾಣಿ, ಪಾವಟೆಯವರು ಗುಡ್ಡದ ಮೇಲೆ ಕಟ್ಟಿ ಬೆಳೆಸಿದ ವಿಶ್ವವಿದ್ಯಾಲಯ, 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟ. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದರೂ ಅವರ ಹೆಸರಿನ ಕಾಲೇಜು ಇಲ್ಲಿದೆಯೆಂದು ನೆನಪಿಸಲು ಅವನು ಮರೆಯುವುದಿಲ್ಲ. ಲೈನ್ ಬಜಾರಿನ ಪೇಡೆಯ ಅಂಗಡಿಯ ಮುಂದೆ ಮಾತ್ರ ವಿದ್ವಾಂಸನೂ ಪಾಮರನೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಕೊನೆಗೆ ಸಾಧನಕೇರಿ. ನಿಘಂಟಿನಲ್ಲಿ ಕೆರೆ ಬೇರೆ, ಕೇರಿ ಬೇರೆ. ಹೆಸರು ಕೇಳಿ ಓಣಿಯನ್ನರಸಿ ಬಂದ ಅತಿಥಿ ನೀರನ್ನು ಕಾಣುತ್ತಾನೆ. ಅದರ ದಂಡೆಯ ಬದಿಯಲ್ಲಿ ಬೇಂದ್ರೆಯವರ ಮನೆ. ಊರು ಬೆಳೆದಂತೆ ಕೆರೆಗಳ ಮೇಲೆ ಒತ್ತಡ ಹೆಚ್ಚಿದೆ. ಮನೆಗಳ ಕೊಳೆನೀರು ಕೆಳಗಿನ ನೀರಿಗೇ ಇಳಿಯುತ್ತದೆ. ಕಟ್ಟಡವನ್ನು ಇನ್ನೊಮ್ಮೆ ಕಟ್ಟಬಹುದು, ಕೆರೆಯನ್ನು ಕಟ್ಟುವುದು ಸುಲಭವಲ್ಲವೆಂದು ಊರಿನವನು ಇಲ್ಲಿ ದನಿ ತಗ್ಗಿಸಿ ಹೇಳುತ್ತಾನೆ. ಗೆಳೆಯರ ಗುಂಪಿನವರು ಸೇರುತ್ತಿದ್ದ ಅತ್ತಿಕೊಳ್ಳವನ್ನೂ ತೋರಿಸಬೇಕೆಂದು ಅವನು ಹೊರಡುವಷ್ಟರಲ್ಲಿ ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿರುತ್ತದೆ.